ಮೋಳಿ ಹೊತ್ತ ಆಸ್ಟಿನ್

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಜಂಬ ಕೊಚ್ಚಿಕೊಳ್ಳುವುದಿದೆ, ಆಗ ಯಾರೂ ನಡುವೆ ಬಾಯಿ ಹಾಕಬಾರದು.

ಕೊಲ್ಹಾಪುರದ ಉದ್ಯಮನಗರದಲ್ಲಿ ನನ್ನ ಗ್ಯಾರೇಜು. ಹೆಸರು ಧೋಂಡಿರಾಮ ಲೋಹಾರ. ಅಜ್ಜ ನೇಗಿಲ ಕುಳ ಬಡಿದ, ಅಪ್ಪ ನೀರೆತ್ತುವ ಎಣ್ಣೆ ಎಂಜಿನ್‌ಗಳನ್ನು ಬಿಚ್ಚಿ ಕಟ್ಟಿದ, ನಾನು ಹಳೆಯ ಕಾರು ಹಿಡಿದು ಕೂತೆ. ಹೊಸ ಕಾರು ನನ್ನ ಬಾಗಿಲಿಗೆ ಬಂದರೆ ವಾಪಸ್ ಕಳಿಸುತ್ತೇನೆ. ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ರೋಗ ಕೇಳುವುದು ನನಗೆ ಆಗುವುದಿಲ್ಲ. ಎಂಜಿನ್ ಮೇಲೆ ಕೈ ಇಟ್ಟು ತಿಳಿಯಬೇಕು. ತಿಳಿಯದಿದ್ದರೆ ಅಂಗಡಿ ಮುಚ್ಚಬೇಕು.

ವತ್ಸಲಾ ಚೌಗುಲೆ ಅಕ್ಕೋರು ನನಗೆ ಕುರಣವಾಡಿಯ ಶಾಲೆಯಲ್ಲಿ ಒಂದರಿಂದ ನಾಲ್ಕರವರೆಗೆ ಪಾಠ ಹೇಳಿದವರು. ಈಗ ವಯಸ್ಸು ಎಪ್ಪತ್ತು ದಾಟಿದೆ, ಇನ್ನೂ ತಾವೇ ಕಾರು ಓಡಿಸುತ್ತಾರೆ. ಅವರ ಮಾವನ ಕಾಲದ ಕಪ್ಪು ಆಸ್ಟಿನ್ ಅದು. ದೂಧಗಂಗೆಯ ದಂಡೆಯಲ್ಲಿ ನಮ್ಮ ಭಾಗದ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟುವಾಗ ಜಾಗ ಬಿಟ್ಟುಕೊಟ್ಟವರು ಆ ಮಾವ. ಕಬ್ಬು ನುರಿಸುವ ಹಂಗಾಮು ಶುರುವಾಗುವ ದಿನ ಮೊದಲ ಕಬ್ಬಿನ ಕಟ್ಟನ್ನು ಪೂಜೆ ಮಾಡಿ ಗಾಣಕ್ಕೆ ಒಯ್ಯುವ ಪಟ್ಟಿಯ ಮೇಲೆ ಎಸೆಯುತ್ತಾರೆ. ಅದೇ ಮೋಳಿ. ಮೊದಲ ವರ್ಷ ಅದು ಬಂದದ್ದು ಆ ಆಸ್ಟಿನ್‌ನ ನೆತ್ತಿಯ ಮೇಲೆ. ಅಂದಿನಿಂದ ಪ್ರತಿ ವರ್ಷ ಅದರ ಮೇಲೆಯೇ ಬರುತ್ತದೆ. ಮೋಳಿಯ ಮಾನ ಚೌಗುಲೆಯವರದು. ಅಧ್ಯಕ್ಷರು ಬದಲಾದರು, ಪಕ್ಷಗಳು ಬದಲಾದವು, ಆ ಮಾನ ಬದಲಾಗಲಿಲ್ಲ.

ಹೋದ ವರ್ಷದವರೆಗೆ.

ಹೋದ ವರ್ಷ ಕಾಲುವೆಯ ಸೇತುವೆ ಏರುವಾಗ ಗಾಡಿ ಕೆಮ್ಮಿತು. ಹಿಂದೆ ಕಪ್ಪು ಹೊಗೆ, ಕೆಳಗೆ ಪೆಟ್ರೋಲ್ ತೊಟ ತೊಟ. ಕಾರ್ಖಾನೆಯ ಗೇಟು ಕಣ್ಣಿಗೆ ಕಾಣುತ್ತಿತ್ತು, ಹಲಗೆ ಬಾರಿಸುವುದು ಕಿವಿಗೆ ಕೇಳುತ್ತಿತ್ತು, ಅಲ್ಲಿ ಸತ್ತು ನಿಂತಿತು. ಅಕ್ಕೋರ ಪಕ್ಕ ಕೂತಿದ್ದ ನಾನು ಇಳಿದು ಬಾನೆಟ್ ಎತ್ತಿದೆ. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಹಾರ್ನ್ ಮೇಲೆ ಹಾರ್ನ್.

"ಅಜ್ಜೀಗೆ ದಮ್ಮು ಹತ್ತೇತ್ರಿ, ಗ್ಲುಕೋಸ್ ಏರಸ್ರಿ!" ಎಂದ ಒಬ್ಬ ಟ್ರ್ಯಾಕ್ಟರಿನವ.

"ಗ್ಲುಕೋಸ್ ಯಾಕ? ದಾರೂ ಕುಡದೈತಿ ಅದು, ಮಜ್ಜಿಗಿ ಕುಡಸ್ರಿ!" ಎಂದ ಇನ್ನೊಬ್ಬ.

ಕಾರ್ಖಾನೆಯ ನಿರ್ದೇಶಕ ಸರ್ಜೇರಾವ್ ಮಗದುಮ್ ತನ್ನ ಬಿಳಿ ಗಾಡಿ ತಂದು ನಿಲ್ಲಿಸಿದ. ಮನೆಯಷ್ಟು ಎತ್ತರದ ಗಾಡಿ. ಅವನ ಆಳುಗಳು ಅಕ್ಕೋರನ್ನು ಒಂದು ಮಾತೂ ಕೇಳದೆ ಮೋಳಿ ಬಿಚ್ಚಿ ಅದರ ಮೇಲೆ ಹೇರಿದರು. ಅಕ್ಕೋರು ಸ್ಟೀರಿಂಗ್ ಬಿಡದೆ ಕೂತೇ ಇದ್ದರು. ಅದನ್ನು ನೋಡಿ ನನ್ನ ತಲೆ ಕೆಟ್ಟಿತು.

"ಇದು ನನ್ನ ತಪ್ಪಲ್ರೀ!" ಎಂದು ಆ ಜಾತ್ರೆಯಂಥ ಮಂದಿಯ ನಡುವೆ ಕೂಗಿದೆ. "ನಿಮ್ಮ ಕಾರ್ಖಾನಿ ಸ್ಪಿರಿಟ್ಟಿಂದು! ಪೆಟ್ರೋಲಿನ್ಯಾಗ ನೂರಕ್ಕ ಇಪ್ಪತ್ತು ಪಾಲು ದಾರೂ ಸುರದ್ರ ಯಾವ ಎಂಜಿನ್ ಉಳಿತೈತಿ? ಕಬ್ಬು ನೀವ ಬೆಳೀರಿ, ಸ್ಪಿರಿಟ್ಟು ನೀವ ತಗೀರಿ, ಗಾಡಿನೂ ನೀವ ದಬ್ರಿ!"

ಮಂದಿ ನಕ್ಕಿತು. ಅಕ್ಕೋರು ಮಾತ್ರ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ಧೋಂಡ್ಯಾ, ಕಬ್ಬು ನಾ ಬೆಳದದ್ದು. ಗಾಡಿ ನೀ ಕಟ್ಟಿದ್ದು. ನನ್ನ ಕಬ್ಬು ಗಾಣದ ತನಕಾ ಮುಟ್ಟತೈತಿ."

ಆ ಮಾತು ನನಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಕಬ್ಬಿನಿಂದ ಸ್ಪಿರಿಟ್ಟು, ಅಂದರೆ ಎಥನಾಲ್, ತೆಗೆಯುವ ಘಟಕ ಕಾರ್ಖಾನೆಗೆ ಬರಲಿ ಎಂದು ಸಭೆಯಲ್ಲಿ ಮೊದಲು ಕೈ ಎತ್ತಿದವರು ಅವರೇ. ನಮ್ಮ ಕಬ್ಬಿನಿಂದ ದೇಶದ ಗಾಡಿ ಓಡುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದವರು. ನಾನು ಕೂಗಿದ್ದು ಅವರ ಮುಖಕ್ಕೇ ತಗುಲಿತ್ತು.

ಬೇಸಿಗೆಯಲ್ಲಿ ಕಾರ್ಖಾನೆಯಿಂದ ಅವರಿಗೆ ಒಂದು ಪತ್ರ ಬಂತು. ಮುಂದಿನ ಹಂಗಾಮಿಗೆ ಆಸ್ಟಿನ್ ತನ್ನ ಬಲದಿಂದಲೇ ಗೇಟಿನೊಳಗೆ ಬಂದರೆ ಮಾನ ಚೌಗುಲೆಯವರಿಗೆ. ಬರದಿದ್ದರೆ ಅಂದಿನಿಂದ ಮೋಳಿ ನಿರ್ದೇಶಕರ ಗಾಡಿಯಲ್ಲಿ, ಕಾಯಂ. ಅಕ್ಕೋರು ಆ ಪತ್ರವನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದರು.

ಈಗ ರೋಗದ ಮಾತು. ಕಾರ್ಬೊರೇಟರ್ ಒಳಗೆ ಪೆಟ್ರೋಲಿಗೆ ಒಂದು ಸಣ್ಣ ಬಟ್ಟಲಿರುತ್ತದೆ. ಅದರಲ್ಲಿ ಒಂದು ಉಂಡೆ ತೇಲುತ್ತದೆ, ಫ್ಲೋಟ್. ಪಾಯಖಾನೆಯ ಟ್ಯಾಂಕಿನಲ್ಲಿ ತೇಲುವ ಉಂಡೆಯ ಕೆಲಸವೇ ಇದರದೂ. ಬಟ್ಟಲು ತುಂಬಿದರೆ ಉಂಡೆ ಮೇಲೆದ್ದು ಪೆಟ್ರೋಲಿನ ಬಾಗಿಲು ಮುಚ್ಚಬೇಕು. ಉಂಡೆ ಮುಳುಗಿದರೆ ಬಾಗಿಲು ಮುಚ್ಚುವುದಿಲ್ಲ, ಪೆಟ್ರೋಲ್ ಉಕ್ಕಿ ಹರಿಯುತ್ತದೆ, ಎಂಜಿನ್ ಉಸಿರುಕಟ್ಟಿ ಸಾಯುತ್ತದೆ.

ಆಸ್ಟಿನ್‌ನ ಹಿತ್ತಾಳೆ ಫ್ಲೋಟು ನಾನು ಹೈಸ್ಕೂಲು ಬಿಟ್ಟ ವರ್ಷವೇ ತೂತಾಗಿತ್ತು. ಬದಲಿ ಸಾಮಾನು ಮುಂಬೈಯಲ್ಲೂ ಸಿಗಲಿಲ್ಲ. ಆಗ ಅಪ್ಪ ಔಷಧ ಅಂಗಡಿಯ ದೊಡ್ಡ ಜಾಡಿಯ ಕಾರ್ಕ್ ಬಿರಡೆಯನ್ನು ಚಾಕುವಿನಿಂದ ಕೆತ್ತಿ, ಮೇಲೆ ಅರಗು ಹಚ್ಚಿ, ಹೊಸ ಫ್ಲೋಟ್ ಮಾಡಿ ಕೂರಿಸಿದ. ಅದು ಮೂವತ್ತು ವರ್ಷಕ್ಕೂ ಮಿಕ್ಕಿ ಓಡಿತು. ಉದ್ಯಮನಗರದ ಮೇಸ್ತ್ರಿಗಳು ಅದನ್ನು ನೋಡಲಿಕ್ಕೇ ಬರುತ್ತಿದ್ದರು. ಅಪ್ಪ ಸತ್ತ ಮೇಲೆ ನಾನು ಬಾನೆಟ್ ಎತ್ತಿ ಗಿರಾಕಿಗಳಿಗೆ ತೋರಿಸುತ್ತಿದ್ದೆ. ನಮ್ಮ ಅಂಗಡಿಗೆ ಬೋರ್ಡು ಬೇಕಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಬಂಕುಗಳಲ್ಲಿ ಸ್ಪಿರಿಟ್ಟು ಬೆರೆತ ಪೆಟ್ರೋಲ್ ಬರಲು ಶುರುವಾದಾಗ ಆ ಅರಗು ಮೆತ್ತಗಾಯಿತು. ನಾನು ಇನ್ನೊಂದು ಕೈ ಹಚ್ಚಿದೆ. ಸ್ಪಿರಿಟ್ಟಿನ ಪಾಲು ಏರಿದಾಗ ಮತ್ತೊಂದು ಕೈ ಹಚ್ಚಿದೆ. ಸೇತುವೆಯ ಮೇಲೆ ಸತ್ತ ಮೇಲೆ ಬಿಚ್ಚಿ ನೋಡಿದರೆ ಕಾರ್ಕು ಪೆಟ್ರೋಲ್ ಕುಡಿದು ಕಲ್ಲಿನಷ್ಟು ಭಾರವಾಗಿತ್ತು. ಅದನ್ನು ಬಿಸಿಲಿಗೆ ಒಣಗಿಸಿ, ಮೂರು ಕೈ ಅರಗು ಹಚ್ಚಿ ಬಟ್ಟಲಿಗೆ ಬಿಟ್ಟೆ. ಹತ್ತು ದಿನಕ್ಕೆ ಮುಳುಗಿತು. ಐದು ಕೈ ಹಚ್ಚಿದೆ. ಎರಡು ವಾರಕ್ಕೆ ಮುಳುಗಿತು.

ನಾನು ಬಂದವರಿಗೆಲ್ಲ ಬಾಟಲಿ ತೋರಿಸಿ ಬಯ್ಯುತ್ತಿದ್ದೆ. ಗೆರೆ ಹಾಕಿದ ಗಾಜಿನ ಬಾಟಲಿಗೆ ಬಂಕಿನ ಪೆಟ್ರೋಲ್ ಹಾಕಿ, ಸ್ವಲ್ಪ ನೀರು ಸುರಿದು ಕುಲುಕಿದರೆ, ಸ್ಪಿರಿಟ್ಟೆಲ್ಲ ನೀರನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಕೆಳಗಿನ ನೀರಿನ ಪಾಲು ಗೆರೆ ದಾಟಿ ಮೇಲೇರುತ್ತದೆ. "ನೋಡ್ರಿ, ಇಷ್ಟು ದಾರೂ!" ಎಂದು ಕೂಗುವುದು. ಸ್ಪಿರಿಟ್ಟು ಇದೆ ಎಂದು ಊರಿಗೆಲ್ಲ ಕಣ್ಣಿಗೆ ಕಾಣುವಂತೆ ತೋರಿಸಿದವನು ನಾನು. ಅದರ ಅರ್ಥ ಮಾತ್ರ ನನಗೇ ಹೊಳೆಯಲಿಲ್ಲ.

ಹಂಗಾಮಿಗೆ ಆರು ವಾರ ಉಳಿದಿತ್ತು. ಮಧ್ಯಾಹ್ನ ಅಕ್ಕೋರು ಎಸ್‌ಟಿ ಬಸ್ಸಿನಿಂದ ಇಳಿದು ಬಂದರು. ನಾನು ಸೀಸೆಯೊಂದನ್ನು ಕುಲುಕುತ್ತ ಕೂತಿದ್ದೆ. ಅವರು ಸ್ಟೂಲು ಎಳೆದುಕೊಂಡು ಕೂತು ಕನ್ನಡಕ ಸರಿಮಾಡಿಕೊಂಡರು.

"ಅದೇನೋ ಸೀಸೇದಾಗ?"

"ಅರಗ್ರಿ."

"ಅರಗು ಚಕ್ಕಿ ಇರ್ತೈತಿ. ಇದು ಪಾನಕ ಆಗೇತಿ."

"ಕರಗಿಸೀನ್ರಿ. ಅಪ್ಪನ ಲೆಕ್ಕ. ಅರಗು ಅಂದ್ರ ಬಾಳ ಗಟ್ಟಿ ಸಾಮಾನ್ರಿ ಅಕ್ಕೋರ. ನೀರಿಗೆ ಕರಗೂದಿಲ್ಲ, ಪೆಟ್ರೋಲಿಗೆ ಕರಗೂದಿಲ್ಲ, ಡೀಸಲಿಗೆ ಕರಗೂದಿಲ್ಲ. ಅದಕ್ಕ ಅಪ್ಪ ಆರಿಸಿದ್ದು."

"ಮತ್ತ ಇದ್ಯಾವುದ್ರಾಗ ಕರಗೇತಿ?"

"ಸ್ಪಿರಿಟ್ಟಿನ್ಯಾಗ. ಅದೊಂದ್ರಾಗ ಅಷ್ಟ ಕರಗೂದು. ಬಡಿಗ್ಯಾರು ಪಾಲಿಶ್ ಮಾಡಾಕ..."

"ಧೋಂಡ್ಯಾ," ಎಂದರು ಅಕ್ಕೋರು. ನಾಲ್ಕನೇ ತರಗತಿಯ ಅದೇ ದನಿ. "ನಮ್ಮ ಕಾರ್ಖಾನ್ಯಾಗ ಏನ್ ತಗೀತೀವಿ?"

"ಸ್ಪಿರಿಟ್ಟು," ಎಂದೆ, ಸೀಸೆ ಕುಲುಕುವುದನ್ನು ನಿಲ್ಲಿಸಿ.

"ಆ ತಗದದ್ದು ಎಲ್ಲಿಗೆ ಹೋಗ್ತೈತಿ? ಜೋರಾಗಿ ಹೇಳು, ಹಿಂದಿನ ಬೆಂಚಿನವ್ರಿಗೆ ಕೇಳಸ್ಲಿ."

ಉತ್ತರ ಗೊತ್ತಾದಾಗ ಮನುಷ್ಯನಿಗೆ ಸಂತೋಷವಾಗುತ್ತದಂತೆ. ಸುಳ್ಳು. ನನಗೆ ಬಂದದ್ದು ಸಿಟ್ಟು. ಸ್ಪಿರಿಟ್ಟಿನಲ್ಲಿ ಕರಗಿಸಿದ ಸಾಮಾನನ್ನು ಹಚ್ಚಿ, ಸ್ಪಿರಿಟ್ಟಿನೊಳಗೇ ಮುಳುಗಿಸಿ, ಕರಗಿತಲ್ಲ ಎಂದು ವರ್ಷವಿಡೀ ಊರನ್ನು ಬಯ್ದಿದ್ದೆ. ಅದೂ ಈ ಸೀಮೆಯಲ್ಲಿ, ದಿನವೂ ಮೂಗಿಗೆ ಆ ವಾಸನೆ ಬಡಿಯುವ ಕಡೆ.

"ನೀವು ಮನೀಗೆ ನಡೀರಿ ಅಕ್ಕೋರ," ಎಂದೆ. "ಸಾಲಿ ಬಿಟ್ಟು ಭಾಳ ವರ್ಷ ಆದ್ವು. ನಮ್ಮಪ್ಪನ ಕೆಲಸಕ್ಕ ನೀವು ಮಾರ್ಕ್ಸ್ ಹಾಕೂದು ಬ್ಯಾಡ."

ಅವರು ಚೀಲ ಹೆಗಲಿಗೇರಿಸಿದರು. "ನಿಮ್ಮಪ್ಪಗ ಪೂರಾ ಮಾರ್ಕ್ಸು. ಅಂವ ತನ್ನ ಕಾಲದ ಪೆಟ್ರೋಲ್ ನೋಡಿ ಅರಗು ಹಚ್ಚಿದ. ನೀ ಅವನ ಪಾಟಿ ನೋಡಿ ಕಾಪಿ ಹೊಡದಿ. ಕಾಪಿ ಹೊಡದವ್ರಿಗೆ ನಾ ಏನ್ ಕೊಡ್ತಿದ್ದೆ?"

"ಸೊನ್ನಿ," ಎಂದೆ. ಬಾಯಿ ತಾನಾಗಿಯೇ ಹೇಳಿತು.

ಅವರು ಹೋದ ಮೇಲೆ ನನ್ನ ಹೆಂಡತಿ ರಂಜನಾ ಒಳಗಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಗುರುವಿಗೇ ಬಾಗಲಾ ತೋರಿಸಿದ್ರಿ. ಭೇಷ್. ಇನ್ನ ಕೂಡ್ರಿ, ನಿಮ್ಮ ಸಿಟ್ಟಿನ್ಯಾಗರ ಅರಗು ಗಟ್ಟಿ ಆಗ್ತೈತೇನ ನೋಡೂಣು."

ನಾನು ಎದ್ದು ಎರಡು ಲೋಟ ತೆಗೆದುಕೊಂಡೆ. ಒಂದರಲ್ಲಿ ಬಂಕಿನ ಪೆಟ್ರೋಲ್. ಇನ್ನೊಂದರಲ್ಲಿ ಅದೇ ಪೆಟ್ರೋಲನ್ನು ನೀರು ಹಾಕಿ ಕುಲುಕಿ, ಸ್ಪಿರಿಟ್ಟು ತಳಕ್ಕಿಳಿದ ಮೇಲೆ ಮೇಲಿನದನ್ನಷ್ಟೇ ಬಸಿದದ್ದು. ಎರಡರಲ್ಲೂ ಅರಗು ಹಚ್ಚಿದ ಕಾರ್ಕಿನ ಒಂದೊಂದು ಚೂರು. ವಾರ ಕಳೆದ ಮೇಲೆ ಎತ್ತಿದೆ. ಎರಡನೆಯದು ಗಾಜಿನಂತೆ ಹೊಳೆಯುತ್ತಿತ್ತು. ಮೊದಲನೆಯದು ಬೆರಳಿಗೆ ಬೆಲ್ಲದಂತೆ ಅಂಟಿತು. ಆ ಬೆರಳನ್ನು ಅಂಗಿಗೆ ಒರೆಸಿಕೊಂಡೆ. ಆಮೇಲೆ ಹಿತ್ತಾಳೆ ತಗಡು ತರಲು ಎದ್ದೆ.

ಕಬ್ಬಿಣ ಬಡಿಯುವ ಮನೆತನ ನಮ್ಮದು. ಹಿತ್ತಾಳೆಯ ಜಾತಿಯೇ ಬೇರೆ. ಬಿಸಿ ಹೆಚ್ಚಾದರೆ ಬಿರಿಯುತ್ತದೆ, ಕಡಿಮೆಯಾದರೆ ಮುನಿಸಿಕೊಳ್ಳುತ್ತದೆ. ಹೊಸ ಫ್ಲೋಟಿಗೆಂದು ಬಡಿದ ನನ್ನ ಮೊದಲ ಎರಡು ಬಟ್ಟಲು ಸೀಳಿದವು. ಕೊನೆಗೆ ಸೊಕ್ಕು ನುಂಗಿಕೊಂಡು ಪಾತ್ರೆ ಬಡಿಯುವ ಪಾಂಡು ತಾಂಬಟನ ಮುಂದೆ ಕೂತೆ. ಎಂಬತ್ತು ವರ್ಷದ ಮುದುಕ. ನನ್ನ ಸೀಳಿದ ಬಟ್ಟಲನ್ನು ತಿರುಗಿಸಿ ನೋಡಿ, "ಇದನ್ನ ಯಾರು ಬಡದಾರ, ಎಮ್ಮಿ ಏನು?" ಎಂದ.

"ನಾನ ಕಾಕಾ."

"ಎತ್ತಿನ ಗಾಡಿ ಗಾಲಿಗೆ ಹಳಿ ಬಡೀಲಿಕತ್ತಿಲ್ಲ ನೀ. ಕೂಸಿನ ಬೆನ್ನ ತಟ್ಟಿದಂಗ ತಟ್ಟು. ಏನ್, ನಿನಗ ಕೂಸು ಆಗಿಲ್ಲೇನು?"

ಅವನ ಹತ್ತಿರ ಹನ್ನೆರಡು ದಿನ ಬೈಸಿಕೊಂಡೆ. ಎರಡು ಅರ್ಧ ಉಂಡೆ, ತಗಡು ಉಗುರಿನಷ್ಟು ತೆಳು. ಕೂಡಿಸಿ ಬೆಸುಗೆ ಹಾಕಿ ಬಿಸಿನೀರಿನಲ್ಲಿ ಮುಳುಗಿಸಬೇಕು. ಒಳಗಿನ ಗಾಳಿ ಕಾದು ಒಂದು ಗುಳ್ಳೆ ಹೊರಬಂದರೂ ಸೋರಿಕೆ ಇದೆ ಎಂದೇ ಅರ್ಥ. ಮೊದಲನೆಯದರಲ್ಲಿ ಗುಳ್ಳೆಗಳ ಸರವೇ ಬಂತು. ಎರಡನೆಯದು ಸೋರಲಿಲ್ಲ, ಆದರೆ ಬೆಸುಗೆ ಹೆಚ್ಚಾಗಿ ಭಾರವಾಯಿತು. ಮೂರನೆಯದನ್ನು ಬಿಸಿನೀರಿಗೆ ಅದುಮಿ ಹಿಡಿದೆ. ಗುಳ್ಳೆ ಇಲ್ಲ. ಬಂಕಿನ ಪೆಟ್ರೋಲಿಗೆ ಬಿಟ್ಟೆ. ಬಾತುಕೋಳಿಯಂತೆ ತೇಲಿತು. ವಾರ ಬಿಟ್ಟು ನೋಡಿದರೂ ಅದೇ ಮಟ್ಟದಲ್ಲಿ ತೇಲುತ್ತಿತ್ತು. ಪಾಂಡು ಕಾಕಾ ಅದನ್ನು ಅಂಗೈ ಮೇಲೆ ಉರುಳಿಸಿ ನೋಡಿ, "ನಡೀತೈತಿ," ಎಂದ. ಆ ಮುದುಕ ತನ್ನ ಮಗನ ಕೆಲಸವನ್ನೂ ಅಷ್ಟು ಹೊಗಳಿದ್ದಿಲ್ಲ.

ಉಳಿದದ್ದು ನನ್ನ ಕೆಲಸ. ಹಳೆಯ ರಬ್ಬರ್ ಕೊಳವೆಗಳು ಉಬ್ಬಿ ಬಿರುಕು ಬಿಟ್ಟಿದ್ದವು, ಸ್ಪಿರಿಟ್ಟಿಗೆ ಬಗ್ಗದ ಹೊಸ ಜಾತಿಯವನ್ನು ಹಾಕಿದೆ. ಟ್ಯಾಂಕಿನೊಳಗಿನ ಹಳೆಯ ತುಕ್ಕನ್ನೆಲ್ಲ ಸ್ಪಿರಿಟ್ಟು ಕಿತ್ತು ಕೊಳವೆಗೆ ತಳ್ಳುತ್ತಿತ್ತು. ಟ್ಯಾಂಕ್ ಇಳಿಸಿ, ಸರಪಳಿ ತುಂಡು ಹಾಕಿ ಕುಲುಕಿ, ಬೆಳ್ಳಗೆ ಮಾಡಿದೆ. ಸ್ಪಿರಿಟ್ಟು ಬೆರೆತಾಗ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು, ಇಲ್ಲದಿದ್ದರೆ ಎಂಜಿನ್ ಹಸಿದು ಬಿಸಿಯೇರುತ್ತದೆ. ಅದಕ್ಕೆ ಪೆಟ್ರೋಲ್ ಚಿಮ್ಮುವ ಜೆಟ್ಟಿನ ತೂತನ್ನು ಕೂದಲಿನಷ್ಟು ಹಿಗ್ಗಿಸಿದೆ. ಮೈಲೇಜು ಇಳಿಯುತ್ತದೆ, ಅದು ನಿಜ, ಅದನ್ನು ನಾನು ಯಾರ ಮುಂದೆಯೂ ಮುಚ್ಚಿಡುವುದಿಲ್ಲ. ಸ್ಪಿರಿಟ್ಟಿನ ತಪ್ಪು ಸ್ಪಿರಿಟ್ಟಿನದು, ನನ್ನ ತಪ್ಪು ನನ್ನದು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೇ ನಾನು ಮಾಡಿದ ಎಡವಟ್ಟು.

ಗಾಡಿಯನ್ನು ಕುರಣವಾಡಿಗೆ ನಾನೇ ಓಡಿಸಿಕೊಂಡು ಹೋದೆ. ಅಕ್ಕೋರು ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದರು.

"ಅರಗು?" ಎಂದು ಕೇಳಿದರು.

"ಇಲ್ರಿ. ಹಿತ್ತಾಳಿ. ನಾನ ಬಡದೀನಿ."

"ಕಾಪಿ?"

"ಇಲ್ಲಂದ್ನೆಲ್ರಿ!" ಎಂದು ರೇಗಿದೆ. ಅವರು ನಕ್ಕು ನನ್ನ ಕೈಗೆ ಒಂದು ಹಿಡಿ ಶೇಂಗಾ ಹಾಕಿದರು.

ಹಂಗಾಮಿನ ದಿನ ಬಂತು. ಅಕ್ಕೋರು ಒಂಬತ್ತು ಗಜದ ಹಸಿರು ನೌವಾರಿ ಸೀರೆಯುಟ್ಟು ಸ್ಟೀರಿಂಗ್ ಹಿಂದೆ ಕೂತರು. ನೆತ್ತಿಯ ಮೇಲೆ ಮೋಳಿ, ಐದು ಜಲ್ಲೆ, ಸೋಗೆ ಸಮೇತ. ಕಾಲುವೆಯ ಸೇತುವೆಯನ್ನು ಗಾಡಿ ಒಂದೇ ಉಸಿರಿಗೆ ಏರಿತು. ಇಳಿದ ಮೇಲೆ ನೋಡಿದರೆ ಮುಂದೆ ದಾರಿಯೇ ಇಲ್ಲ. ಟ್ರ್ಯಾಲಿಯೊಂದರ ಅಚ್ಚು ಮುರಿದು ಕಬ್ಬು ರಸ್ತೆಯ ತುಂಬ ಚೆಲ್ಲಿತ್ತು.

ನಿಂತ ಗಾಡಿಗೆ ಬಿಸಿಲೇ ವೈರಿ. ಸ್ಪಿರಿಟ್ಟು ಬೇಗ ಆವಿಯಾಗಿ ಕೊಳವೆಯಲ್ಲಿ ಗುಳ್ಳೆ ಕಟ್ಟುತ್ತದೆ. ಆಮೇಲೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಅರ್ಧ ಗಂಟೆ ಹೊತ್ತಿಗೆ ಎಂಜಿನ್ ಒಮ್ಮೆ ಬಿಕ್ಕಿತು. ಬಾಗಿಲು ತೆರೆದು ಕೆಳಗಿಳಿದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ತಣ್ಣಗಿಡಬೇಕು, ಬಟ್ಟೆಯೇ ಇಲ್ಲ. ನನ್ನ ಅಂಗಿಯನ್ನೇ ಬಿಚ್ಚಿ, ಕಾಲುವೆಯ ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿದೆ.

ಸರ್ಜೇರಾವ್ ತನ್ನ ಬಿಳಿ ಗಾಡಿಯನ್ನು ಗದ್ದೆಯ ಬದುವಿನ ಮೇಲೆ ಹತ್ತಿಸಿ ತಂದು ಕಿಟಕಿಯಿಂದ ತಲೆ ಹೊರಹಾಕಿದ. "ಅಕ್ಕೋರ, ಮುಹೂರ್ತ ಮೀರ್ತೈತ್ರಿ. ಯಾಕ ತ್ರಾಸು ತಗೋತೀರಿ? ಮೋಳಿ ಇಲ್ಲೆ ಹಾಕ್ರಿ, ಎ.ಸಿ. ಐತಿ."

"ಕಬ್ಬಿಗೆ ಎ.ಸಿ. ಯಾಕೋ ಸರ್ಜ್ಯಾ? ಬಿಸಲಿನ್ಯಾಗ ಬೆಳದದ್ದ ಅದು," ಎಂದರು ಅಕ್ಕೋರು. ಅವನೂ ಅವರ ಶಾಲೆಯವನೇ.

"ಇಲ್ರಿ, ಗಾಡಿ ಬಿಕ್ಕಿದ್ದು ಕೇಳಿದೆ..."

"ನೀನೂ ಮಗ್ಗಿ ಹೇಳುಮುಂದ ಬಿಕ್ಕತಿದ್ದಿ. ಪಾಸ್ ಮಾಡಿದ್ನಿಲ್ಲೋ? ಸರಿ ಆ ಕಡೆ."

ಟ್ರ್ಯಾಕ್ಟರಿನವರು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಇಳಿದು ಬಂದು, ಚೆಲ್ಲಿದ ಕಬ್ಬನ್ನು ಕೈಯಿಂದ ಬದಿಗೆಳೆದು ಒಂದು ಗಾಡಿ ಹೋಗುವಷ್ಟು ಜಾಗ ಮಾಡಿದರು. ಹೋದ ವರ್ಷ ಗ್ಲುಕೋಸ್ ಏರಿಸಿ ಎಂದವನೇ ಮುಂದೆ ನಿಂತು, "ಹಾಂ ಅಕ್ಕೋರ, ಬರ್ರಿ, ಇನ್ನೊಂದ್ ಚೂರು ಎಡಕ್ಕ," ಎಂದು ಕೈ ಬೀಸುತ್ತಿದ್ದ. ಅಕ್ಕೋರು ಗೇರ್ ಹಾಕಿದರು. ನಾನು ಅಂಗಿ ಇಲ್ಲದೆ, ಬನಿಯನ್ನಿನಲ್ಲಿ, ಪಕ್ಕದಲ್ಲಿ ನಡೆದೆ. ಎಂಜಿನ್ ಬಿಕ್ಕಲಿಲ್ಲ. ಗೇಟಿನ ಹಲಗೆಯವರು ಬಾರಿಸುವುದನ್ನು ನಿಲ್ಲಿಸಿ ಒಂದು ಕ್ಷಣ ನೋಡಿದರು, ಆಮೇಲೆ ಮೈಮೇಲೆ ದೇವರು ಬಂದವರಂತೆ ಬಾರಿಸಿದರು.

ಗಾಣದ ಪಟ್ಟಿಯ ಮುಂದೆ ಗಾಡಿ ನಿಂತಿತು. ಪೂಜೆಯವರು ಅಲ್ಲೇ ಇದ್ದರು, ಮಂದಿಯೂ ಸೇರಿತ್ತು. ಹೋದ ವರ್ಷ ನಾನು ಯಾರ ಮುಂದೆ ಕೂಗಿದ್ದೆನೋ ಅವರೇ. ನಾನು ನೇರ ಹೋಗಿ ಪೂಜೆಯ ಮೈಕನ್ನು ಹಿಡಿದೆ. ಭಾಷಣ ನನಗೆ ಬರುವುದಿಲ್ಲ.

"ಕೇಳ್ರಿ," ಎಂದೆ. "ಹ್ವಾದ ವರ್ಷ ಗಾಡಿ ಸತ್ತದ್ದು ಅಕ್ಕೋರ ಕಬ್ಬಿನಿಂದಲ್ಲ. ನಾ ಅರಗು ಹಚ್ಚಿದ್ದೆ, ಅದು ಸ್ಪಿರಿಟ್ಟಿಗೆ ಕರಗ್ತೈತಿ. ಗೊತ್ತಿದ್ದೂ ಹಚ್ಚಿದೆ, ಯಾಕಂದ್ರ ನಮ್ಮಪ್ಪ ಹಚ್ಚಿದ್ದ. ಕೆಡಿಸಿದ್ದು ಈ ಕೈ. ಇವತ್ತು ಇಲ್ಲೀತನಕ ತಂದಿದ್ದೂ ಈ ಕೈ. ಹಳೇ ಗಾಡಿ ಇದ್ದವರು ಹೆದರಿ ಮಾರಬ್ಯಾಡ್ರಿ. ಸುಮ್ಮನ ಹಂಗ ಓಡಿಸಲೂ ಬ್ಯಾಡ್ರಿ. ಬಿಚ್ಚಿ ನೋಡ್ರಿ, ಏನು ಕರಗ್ತೈತಿ, ಏನು ಉಬ್ಬತೈತಿ ಅಂತ. ನಿಮಗ ಬರದಿದ್ರ ನನ್ನ ಕಡೆ ತರ್ರಿ. ಬಯ್ತೀನಿ, ಆದ್ರ ಸರಿ ಮಾಡ್ತೀನಿ."

ಯಾರೋ ಸಿಳ್ಳೆ ಹಾಕಿದರು. ಅಂಗಿ ಇಲ್ಲದವನ ಭಾಷಣಕ್ಕೆ ಅಷ್ಟು ಚಪ್ಪಾಳೆ ಬಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಕ್ಕೋರು ಕೆಳಗಿಳಿದು ಮೋಳಿಯ ಒಂದು ತುದಿ ಹಿಡಿದರು, ಇನ್ನೊಂದು ತುದಿಯನ್ನು ಅದೇ ಟ್ರ್ಯಾಕ್ಟರಿನವನಿಗೆ ಹಿಡಿಸಿದರು. ಐದು ಜಲ್ಲೆ ಪಟ್ಟಿಯ ಮೇಲೆ ಬಿದ್ದು ಗಾಣದ ಕಡೆ ಸಾಗಿದವು. ಕಾರ್ಖಾನೆಯ ಸೈರನ್ ಕೂಗಿತು. ಸರ್ಜೇರಾವ್ ಶಾಲು ಸರಿಮಾಡಿಕೊಂಡು ತನ್ನ ಭಾಷಣಕ್ಕೆ ಎದ್ದ. ಎರಡು ಮಾತು ಆಡಿ ನಿಲ್ಲಿಸಿದ. ಹಿಂದೆ ಆಸ್ಟಿನ್ ಇನ್ನೂ ಓಡುತ್ತಲೇ ಇತ್ತು, ಹೊಲಿಗೆ ಯಂತ್ರದಂತೆ ಒಂದೇ ಸಮ.

"ಅಕ್ಕೋರ, ಎಂಜಿನ್ ಬಂದ್ ಮಾಡ್ರೆಲ್ಲ," ಎಂದ ಮೈಕಿನಲ್ಲೇ. "ನನ್ನ ಮಾತು ಕೇಳಸವಲ್ದು."

ನಾನು ಚಾವಿಯ ಕಡೆ ಕೈ ಚಾಚಿದೆ. ಅಕ್ಕೋರು ನನ್ನ ಕೈ ಮೇಲೆ ಪಟ್ಟನೆ ಹೊಡೆದರು.

"ಬಿಡೋ ಧೋಂಡ್ಯಾ. ಅಂವ ದಿನಾ ಮಾತಾಡ್ತಾನ. ಇವತ್ತ ಅದು ಮಾತಾಡ್ಲಿ."